ಸಬೀನಾಳ ನೀಲಿ ನೀರು

ಅಕಿಲ್ ದ್ವೀಪದ ಆ ಮೂಲೆಯಲ್ಲಿ ಮಳೆಯ ಸುದ್ದಿಗೆ ಯಾರೂ ರೇಡಿಯೊ ಹಾಕುತ್ತಿರಲಿಲ್ಲ. ಸಬೀನಾ ಲವೆಲ್ ಏನು ಮಾಡುತ್ತಿದ್ದಾಳೆಂದು ನೋಡುತ್ತಿದ್ದರು. ಚಿಮಣಿಯಿಂದ ಮಸಿ ಉದುರಿದರೆ, ಬೆಟ್ಟ ಕೈಗೆಟಕುವಷ್ಟು ಹತ್ತಿರ ಕಂಡರೆ ಮಳೆ ಬಂತೆಂದೇ ಅವಳ ಲೆಕ್ಕ. ಅವಳು ಆಲೂಗಡ್ಡೆಗೆ ರೋಗ ತಗಲದಂತೆ ಮೈಲುತುತ್ತದ ನೀಲಿ ನೀರು ಹೊಡೆದ ದಿನವೇ ಊರೆಲ್ಲ ಹೊಡೆಯುತ್ತಿತ್ತು.

ಎಲ್ಲರಿಗಿಂತ ಮೊದಲು ಕಲ್ಲುಗೋಡೆಯಾಚೆಯಿಂದ ಇಣುಕುತ್ತಿದ್ದವನು ಪಕ್ಕದ ಹೊಲದ ಫೆಸ್ಟಸ್. ಊರಲ್ಲಿ ಹೆಣ ಮಲಗಿರುವಾಗ ಯಾರೂ ಮಣ್ಣು ಮುಟ್ಟುವಂತಿಲ್ಲ. ಈ ಪುಣ್ಯಾತ್ಮ ಮಾತ್ರ, ಸಬೀನಾಳ ಗಂಡ ಮಾರ್ಕಸ್ ನಡುಮನೆಯಲ್ಲಿ ಹೆಣವಾಗಿ ಮಲಗಿದ್ದಾಗ, ಊರೆಲ್ಲ ಜಪಮಣಿ ಹಿಡಿದು ಕೂತಿದ್ದಾಗ, ಗಡಿಕಲ್ಲನ್ನು ಒಂದು ಮಡಿಯಷ್ಟು ಇತ್ತ ಸರಿಸಿದ. ಮಾರ್ಕಸ್ ಕಡಲಪಾಚಿಯನ್ನು ಬೆನ್ನ ಮೇಲೆ ಹೊತ್ತು ತಂದು, ಬರೀ ಬಂಡೆಯ ಮೇಲೆ ಮಣ್ಣು ಕಟ್ಟಿದ್ದ ಮಡಿ ಅದು.

"ಕಲ್ಲು ನಮ್ಮಪ್ಪನ ಕಾಲದಿಂದ ಅಲ್ಲೇ ಇದೆ," ಎಂದ, ಸಬೀನಾ ಕೇಳಿದ್ದಕ್ಕೆ. "ಅತ್ತೂ ಅತ್ತೂ ನಿಂಗೆ ಕಣ್ಣು ಮಂಜಾಗಿದೆ ಬಿಡು."

ಸಬೀನಾ ಕಲ್ಲನ್ನೊಮ್ಮೆ, ಅವನನ್ನೊಮ್ಮೆ ನೋಡಿ ಮನೆಗೆ ನಡೆದಳು.

ಜುಲೈಯ ಒಂದು ಸಂಜೆ ಬೆಟ್ಟ ಕಿಟಕಿಗೇ ಬಂದು ನಿಂತಂತೆ ಕಂಡಿತು. ಒಂದು ಮನೆ ಬಿಟ್ಟು ಉಳಿದೆಲ್ಲ ಮನೆಗೂ ಹೋಗಿ, "ನಾಳೆ ನಾನು ಹೊಡೆದ್ರೂ ನೀವು ಹೊಡೀಬೇಡಿ," ಎಂದು ಹೇಳಿಬಂದಳು. ಬೆಳಿಗ್ಗೆ ಪೀಪಾಯಿಗೆ ಬರೀ ನೀರು ತುಂಬಿ, ಬಟ್ಟೆಗೆ ಹಾಕುವ ನೀಲಿ ಕದಡಿ, ಗುನುಗುತ್ತ ಸಿಂಪಡಿಸತೊಡಗಿದಳು. ಜೀವಮಾನವಿಡೀ ಗೋಡೆಯಾಚೆಯಿಂದ ಇಣುಕಿದವನಿಗೆ ಬೆಟ್ಟ ನೋಡುವ ಅಭ್ಯಾಸವೇ ಇರಲಿಲ್ಲ. ಫೆಸ್ಟಸ್ ಇದ್ದಬದ್ದ ಮೈಲುತುತ್ತವನ್ನೆಲ್ಲ ಕಲಸಿ ಹೊಡೆದ. ಮಧ್ಯಾಹ್ನ ಮಳೆ ಬಂದು ಎಲ್ಲವನ್ನೂ ತೊಳೆದುಕೊಂಡು ಹೋಯಿತು.

ಮಳೆ ನಿಂತ ಮೇಲೆ ಸಬೀನಾ ನಿಜವಾದ ಮೈಲುತುತ್ತ ಹೊಡೆದಳು, ಊರೂ ಹೊಡೆಯಿತು. ಫೆಸ್ಟಸ್‌ಗೆ ಅದು ಅಂಗಡಿಯಲ್ಲೂ ಸಿಗಲಿಲ್ಲ. ವಾರದೊಳಗೆ ಅಂಗಮಾರಿ ರೋಗ ಬಿದ್ದು ಅವನ ಹೊಲ ಕಪ್ಪಾಗಿ ನಾರಿತು. ಸಬೀನಾಗೆ ಮರುಕ ಬಂತೇ? ಬರಲಿಲ್ಲ. ಆ ವಾಸನೆ ಬಂದಾಗಲೆಲ್ಲ ಕಿಟಕಿ ತೆರೆದಿಟ್ಟಳು.

ಮಾರ್ಚ್‌ನಲ್ಲಿ, ನೆಡುವ ಹೊತ್ತಿಗೆ, ಅವನು ಖಾಲಿ ಬಕೆಟ್ ಹಿಡಿದು ಬಾಗಿಲಿಗೆ ಬಂದ.

"ಸಬೀನಕ್ಕ, ಬಿತ್ತನೆ ಗಡ್ಡೆ ಒಂದಿಷ್ಟು ಕೊಡು. ಊರಲ್ಲಿ ಯಾರೂ ಕೊಡ್ತಿಲ್ಲ."

"ಈಗ ಅಕ್ಕ ಆದ್ನಾ? ಬಕೆಟ್ ಇಲ್ಲಿಟ್ಟು ಹೋಗು. ಕಲ್ಲು ಎಲ್ಲಿತ್ತೋ ಅಲ್ಲಿಟ್ಟು ಬಾ."

ಅವನು ತಲೆ ತಗ್ಗಿಸಿ ಹೋದ. ಊರು ಸಾಲಾಗಿ ನಿಂತು ನೋಡುತ್ತಿದ್ದಂತೆ ಕಲ್ಲನ್ನು ಹಳೆಯ ಕುಳಿಗೆ ಉರುಳಿಸಿ, ಮೈಯೆಲ್ಲ ಕೆಸರಾಗಿ ಮರಳಿದ. ಬಕೆಟ್ ತುಂಬಿತ್ತು. ಅದರಿಂದ ಹಬೆ ಏಳುತ್ತಿತ್ತು.

"ಇದು ಬೇಯಿಸಿದ್ದು! ಇದನ್ನ ನೆಟ್ರೆ ಮೊಳಕೆ ಬರುತ್ತಾ?"

"ಬೇಯಿಸಿದ್ದಾ?" ಸಬೀನಾ ಗುದ್ದಲಿ ಹೆಗಲಿಗೇರಿಸಿದಳು. "ಅತ್ತೂ ಅತ್ತೂ ನಿಂಗೆ ಕಣ್ಣು ಮಂಜಾಗಿದೆ ಬಿಡು."

ಅವನನ್ನು ಬಾಗಿಲಲ್ಲೇ ಬಿಟ್ಟು, ಮಾರ್ಕಸನ ಮಡಿಯನ್ನು ಅಗೆಯಲು ಹೊರಟಳು.