ಸಣ್ಣತಾಯಮ್ಮನ ಶಪಥದ ಸೀನು

ನಮ್ಮ ಕಡೆ ನಾಟಕ ನಿಲ್ಲಬೇಕಾದರೆ ಮಳೆ ಬರಬೇಕಿಲ್ಲ, ಕರೆಂಟು ಹೋಗಬೇಕಿಲ್ಲ. ಒಬ್ಬ ರಾಜಕೀಯ ನಾಯಕ ಬಂದರೆ ಸಾಕು. ರಂಗದ ಮೇಲೆ ಯುದ್ಧವೇ ನಡೆಯುತ್ತಿರಲಿ, ಹೆಣವೇ ಬಿದ್ದಿರಲಿ, ಮೈಕು ಹಿಡಿದವನು 'ಒಂದೆರಡು ನಿಮಿಷ' ಅನ್ನುತ್ತಾನೆ. ಸೀನು ನಿಲ್ಲುತ್ತದೆ. ಹಾರ, ಶಾಲು, ಮೈಸೂರು ಪೇಟ ಬರುತ್ತವೆ, ಭಾಷಣ ಶುರುವಾಗುತ್ತದೆ. ಸತ್ತು ಬಿದ್ದಿದ್ದವನು ಎದ್ದು ಹೋಗಿ ಬೀಡಿ ಹಚ್ಚುತ್ತಾನೆ. ಇದಕ್ಕೆ ಮರ್ಯಾದೆ ಅಂತ ಹೆಸರು. ಆ ಮರ್ಯಾದೆಗೆ ಬೆಂಕಿ ಬೀಳಲಿ ಅಂತ ಬಾಯಿಬಿಟ್ಟು ಬೈದವಳನ್ನು ನಾನು ಕಂಡದ್ದು ಒಬ್ಬಳನ್ನೇ. ಅವಳು ಸಣ್ಣತಾಯಮ್ಮ.

ಬಂಡೂರಿನವಳು. ಮದ್ದೂರು ಕಡೆಯ ಕೊಪ್ಪದ ಪಕ್ಕದ ನಮ್ಮ ಹಳ್ಳಿಗೆ ಚಿಕ್ಕಬೋರಯ್ಯನ ಹೆಂಡತಿಯಾಗಿ ಬಂದಳು. ಹಸು ಕಟ್ಟಿದಳು, ಗದ್ದೆ ನಾಟಿ ಮಾಡಿದಳು, ಮಕ್ಕಳ ಮದುವೆ ಮಾಡಿದಳು. ಗಂಡ ನಾಟಕದ ಹುಚ್ಚಿನವನು. ಪೌರಾಣಿಕ ನಾಟಕದಲ್ಲಿ ಗದೆ ಹಿಡಿದು ಶಪಥ ಮಾಡುತ್ತಾನಲ್ಲ, ಆ ಪಾರ್ಟು ನಮ್ಮೂರಲ್ಲಿ ಅವನದೇ. ಶಿವರಾತ್ರಿ ಕಳೆದರೆ ಯುಗಾದಿವರೆಗೂ ಅವರ ಮನೆ ಜಗಲಿಯ ಮೇಲೆ ತಾಲೀಮು. ಅಷ್ಟೂ ಜನಕ್ಕೆ ಕಾಫಿ ಕಾಯಿಸಿ ಕಾಯಿಸಿ ನಾಟಕಕ್ಕೆ ನಾಟಕವೇ ಸಣ್ಣತಾಯಮ್ಮನಿಗೆ ಬಾಯಿಪಾಠವಾಗಿತ್ತು. ಗಂಡ ಮಾತು ಮರೆತರೆ ಬಾಗಿಲ ಸಂದಿಯಿಂದ ಇವಳು ಎತ್ತಿಕೊಡುವಳು. ಎತ್ತಿಕೊಟ್ಟದ್ದನ್ನು ಹೇಳಿ ಮುಗಿಸಿ, ಆಮೇಲೆ ಒಳಗೆ ಬಂದು, ಗಂಡಸರ ಮಧ್ಯೆ ಬಾಯಿ ಹಾಕ್ತೀಯ ಅಂತ ಬೈಯುತ್ತಿದ್ದ. ಅಂಥ ಮಹಾನುಭಾವ.

ಒಂದು ಸಲ ಅವಳು, ಆ ಪಾರ್ಟು ನಾನೂ ಮಾಡಬಲ್ಲೆ ಅಂದಳಂತೆ. ಜಗಲಿ ತುಂಬ ಜನ ಕೂತಿದ್ದರು.

"ಗದೆ ಪಾರ್ಟ್‌ಗೆ ಗಂಟ್ಲು ಬೇಕು ಕಣಮ್ಮಿ," ಅಂದ ಚಿಕ್ಕಬೋರಯ್ಯ. "ನಿಂಗಿರೋದು ಕೋಳಿ ಕರಿಯೋ ಗಂಟ್ಲು."

ಎಲ್ಲರೂ ನಕ್ಕರು. ನಗಲಿ ಬಿಡಿ, ನಗುವುದಕ್ಕೆ ಏನು ಖರ್ಚಾಗುತ್ತದೆ.

ಎರಡು ವರ್ಷದ ಹಿಂದೆ, ಡೇರಿಗೆ ಹಾಲು ಹಾಕುವ ಹೆಂಗಸರೂ ಹೈಸ್ಕೂಲಿನ ಹೆಣ್ಣುಮಕ್ಕಳೂ ಸೇರಿ ನಾವೇ ಒಂದು ನಾಟಕ ಕಟ್ಟಿದೆವು. ಮದ್ದೂರಿನಿಂದ ಬಾಬು ಜಾನ್ ಮೇಷ್ಟ್ರು ಹಾರ್ಮೋನಿಯಂ ತಂದು ಕಲಿಸಿದರು. ಅಂಗನವಾಡಿ ನಡೆಸುವ ನನಗೆ, ಅಂದರೆ ಈ ಕುಸುಮಳಿಗೆ, ದೊಡ್ಡಣ್ಣನ ಪಾರ್ಟು ಬಿತ್ತು. ಸಿಟ್ಟಾದವರಿಗೆಲ್ಲ ಸಮಾಧಾನ ಹೇಳುವುದೇ ಆ ಪಾರ್ಟಿನ ಕೆಲಸ. ನನ್ನನ್ನು ಬಲ್ಲವರು ಇದಕ್ಕೆ ಇವತ್ತಿಗೂ ನಗುತ್ತಾರೆ. ತುಂಬಿದ ಸಭೆಯಲ್ಲಿ ಮುಡಿ ಬಿಚ್ಚಿ ಅಳುವ ರಾಣಿಯಾಗಿ ಹತ್ತನೇ ಕ್ಲಾಸಿನ ಅರ್ಪಿತ. ಸಣ್ಣತಾಯಮ್ಮ ಕೇಳಿದ್ದು ಒಂದೇ, ಗದೆ ಪಾರ್ಟು.

ಮೊದಲನೇ ದಿನ ಅವಳು ಶಪಥದ ಪದ ಎತ್ತಿಕೊಂಡಾಗ ಮೇಷ್ಟ್ರ ಬೆರಳು ಹಾರ್ಮೋನಿಯಂ ಮನೆಗಳ ಮೇಲೆ ಹಾಗೇ ನಿಂತಿತು.

"ನೀವು ಗಂಟ್ಲು ಇಳಿಸ್ಬೇಡಿ ತಾಯಿ," ಅಂದರು. "ನಿಮ್ಗೆ ತಕ್ಕಂಗೆ ಪೆಟ್ಟಿಗೆ ಸುರುತಿ ನಾನು ಏರಿಸ್ಕೋತೀನಿ."

ವಾಪಸ್ಸು ಬರುವಾಗ ಅವಳು ನನ್ನ ಕೈ ಹಿಡಿದುಕೊಂಡಳು. "ನಮ್ಮನೆಯವ್ನು ಮುಂದುಗಡೆ ಕೂತ್ಕಂಡು ಕೇಳ್ಬೇಕು ಕುಸ್ಮ. ಚೆನ್ನಾಗದೆ ಅನ್ಬೇಕಾಗಿಲ್ಲ. ಕೊನೇಗಂಟ ಕೇಳುದ್ರೆ ಸಾಕು."

ಅವಳು ಕೇಳಿದ್ದು ಅಷ್ಟೇ. ಅದೂ ಹೆಚ್ಚಾಯಿತೇನೋ.

ನಾಟಕ ಸ್ಕೂಲಿನ ಬಯಲಲ್ಲಿ, ಹಾಡಹಗಲೇ. ಸಂಜೆ ಹಾಲು ಕರೆಯುವ ಹೊತ್ತಿಗೆ ಮುಗಿಯಬೇಕು, ಹೆಂಗಸರ ನಾಟಕ ಅಂದರೆ ಹಸುವಿನ ಅಪ್ಪಣೆಯೂ ಬೇಕು. ಚಿಕ್ಕಬೋರಯ್ಯ ಇಸ್ತ್ರಿ ಮಾಡಿದ ಬಿಳೀ ಅಂಗಿ ಹಾಕಿಕೊಂಡು ಮುಂದಿನ ಸಾಲಲ್ಲೇ ಕೂತಿದ್ದ. ಅದನ್ನು ಪರದೆ ಸಂದಿಯಿಂದ ನೋಡಿ ಸಣ್ಣತಾಯಮ್ಮ ಮೀಸೆ ಸರಿಮಾಡಿಕೊಂಡಳು.

ಸಭೆಯ ಸೀನು ಬಂತು. ಅರ್ಪಿತ ಮುಡಿ ಬಿಚ್ಚಿ ನೆಲಕ್ಕೆ ಕುಸಿದು ಎಂಥಾ ಅಳು ಅತ್ತಳೆಂದರೆ, ಮುಂದೆ ಕೂತಿದ್ದ ಅಜ್ಜಿಯರು ಸೆರಗಲ್ಲಿ ಕಣ್ಣೊರೆಸಿಕೊಂಡರು. ಸಣ್ಣತಾಯಮ್ಮ ಗದೆ ಎತ್ತಿ ಉಸಿರು ಎಳೆದುಕೊಂಡಳು. ಆಗ ಕಾರು ಬಂತು.

ಊರ ಕಮಿಟಿಯ ಕೆಂಪರಾಜು ಮೈಕು ಹಿಡಿದು ಓಡಿಬಂದ. ನಾಯಕರನ್ನು ರಂಗದ ಮೇಲೆ ಹತ್ತಿಸಿ ನಾಟಕದ ಸಿಂಹಾಸನದಲ್ಲೇ ಕೂರಿಸಿದರು. ಹಾರ ಹಾಕಿದ್ದು ಯಾರು? ಚಿಕ್ಕಬೋರಯ್ಯ. ಹಾರವನ್ನು ಕುರ್ಚಿಯ ಕೆಳಗೆ ಮೊದಲೇ ಇಟ್ಟುಕೊಂಡು ಕೂತಿದ್ದ, ಅದಕ್ಕೇ ಮುಂದಿನ ಸಾಲು. ನಾಯಕರು ಮಹಿಳಾ ಸಬಲೀಕರಣದ ಬಗ್ಗೆ ಮಾತಾಡಿದರು. ರಸ್ತೆ, ಚರಂಡಿ, ತಮ್ಮ ತಾಯಿ, ಎಲ್ಲದರ ಬಗ್ಗೆಯೂ ಮಾತಾಡಿದರು. ಕಾಲ ಬುಡದಲ್ಲಿ ಮುಡಿ ಹರಡಿಕೊಂಡು ಕೂತಿದ್ದ ಹುಡುಗಿ ಏಳಬೇಕೋ ಅಳಬೇಕೋ ಗೊತ್ತಾಗದೆ ನನ್ನ ಮುಖ ನೋಡುತ್ತಿದ್ದಳು. 

ಭಾಷಣ ಮುಗಿಯುವಷ್ಟರಲ್ಲಿ ಬಿಸಿಲು ವಾಲಿತ್ತು. ಕೆಂಪರಾಜು ಮೈಕಿನಲ್ಲಿ, "ಹಾಲಿನ ಟೈಮಾಯ್ತು. ಶಪಥದ ಸೀನು ಬುಟ್ಟು ನೇರ ಮಂಗಳಕ್ಕೆ ಓಗಣ," ಅಂದ.

ಸಣ್ಣತಾಯಮ್ಮ ಗದೆಯನ್ನು ಹಲಗೆಯ ಮೇಲೆ ಕುಕ್ಕಿದಳು.

"ಬುಡಕ್ಕೆ ಅದು ನಿಮ್ಮಪ್ಪನ ಮನೆ ಸೀನೇನ್ಲಾ? ಬೆಂಕಿ ಬೀಳ ನಿಮ್ ಮರ್ಯಾದೆಗೆ!" ಆಮೇಲೆ ಸಿಂಹಾಸನದ ಕಡೆ ತಿರುಗಿದಳು. "ಸ್ವಾಮಿ, ನೀವ್ ಕೂತಿರೋದು ನಾಟಕದ ಕುರ್ಚಿ. ನೋಡಂಗಿದ್ರೆ ಕೆಳಗಿಳ್ದು ಕೂತ್ಕಂಡು ನೋಡಿ. ಈ ಮಗ ಆಗ್ಲಿಂದ ಮುಡಿ ಬುಟ್ಕಂಡು ಕೂತವ್ಳೆ, ಕಾಣಾಕಿಲ್ವಾ?"

ನಾಯಕರು ನಗುನಗುತ್ತಲೇ ಎದ್ದು, ಕೈ ಮುಗಿದು, ಇಳಿದು ಹೊರಟರು. ಗಂಡಸರೆಲ್ಲ ದಡಬಡ ಅವರ ಹಿಂದೆ. ಚಿಕ್ಕಬೋರಯ್ಯ ಮಾತ್ರ ರಂಗದ ಹತ್ತಿರ ಬಂದ. ಮುಖ ಕೆಂಪಗಾಗಿತ್ತು.

"ಇಳಿಯಮ್ಮಿ ಕೆಳಕ್ಕೆ. ಊರ್ ಮಾನ ಕಳ್ದಲ್ಲ. ಮನೇಲಿ ಅಸ ಕೂಗ್ತಾ ಅದೆ."

"ಕೂಗ್ಲಿ. ನೀನು ಕೂತ್ಕೊ," ಅಂದಳು. ದನಿ ಇಳಿದಿತ್ತು. "ಒಂದೇ ಒಂದ್ ಪದ ಕಣಯ್ಯ. ಕೂತ್ಕಂಡು ಕೇಳು."

ಅವನು ಅವಳನ್ನು ನೋಡಿದ, ಕಾರನ್ನು ನೋಡಿದ. ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು. ಓಡಿದ.

ಅವನು ಬೇಲಿ ದಾಟುವವರೆಗೂ ಸಣ್ಣತಾಯಮ್ಮ ನೋಡುತ್ತ ನಿಂತಿದ್ದಳು. ಆಮೇಲೆ ಮೇಷ್ಟ್ರಿಗೆ ತಲೆ ಆಡಿಸಿದಳು. ಹಾಲಿನ ಹೊತ್ತಾದರೂ ಒಬ್ಬ ಹೆಂಗಸೂ ಎದ್ದಿರಲಿಲ್ಲ. ಅವಳು ಹಾಡಿದಳು. ಮೈಕನ್ನು ಕೆಂಪರಾಜು ಎತ್ತಿಕೊಂಡು ಹೋಗಿದ್ದ, ಅದರ ಅಗತ್ಯವೂ ಬೀಳಲಿಲ್ಲ. ಆ ಪದದ ನಡುವೆ ದೊಡ್ಡಣ್ಣ ಬಂದು, ತಮ್ಮಾ ಶಾಂತನಾಗು ಅಂತ ತಡೆಯಬೇಕು. ಅದು ನನ್ನ ಮಾತು. ನಾನು ಹೇಳಲಿಲ್ಲ. ಯಾವ ಬಾಯಲ್ಲಿ ಹೇಳಲಿ? ಮೇಷ್ಟ್ರು ನನ್ನ ಕಡೆ ನೋಡಿ, ಸುಮ್ಮನೆ ಅವಳ ಜೊತೆಗೇ ಬಾರಿಸಿಕೊಂಡು ಹೋದರು. ಪದ ಮುಗಿದಾಗ ಅರ್ಪಿತ ನಿಜವಾಗಿಯೂ ಅಳುತ್ತಿದ್ದಳು.

ಮಾರನೇ ದಿನ ಬೆಳಗ್ಗೆ ಡೇರಿ ಮುಂದೆ ಎಲ್ಲರ ಬಾಯಲ್ಲೂ ಅದೇ ಮಾತು. ಚಿಕ್ಕಬೋರಯ್ಯ ಅಲ್ಲಿಗೇ ಬಂದ. ತಲೆ ಕೆರೆದುಕೊಂಡು ಹೆಂಡತಿಯ ಪಕ್ಕ ನಿಂತ.

"ಎಲ್ರೂ ಹೇಳ್ತಾವ್ರೆ, ಬೋ ಚೆನ್ನಾಗಿತ್ತಂತೆ. ಮನೇಲಿ ಒಂದ್ಸಲ ಹಾಡ್ಬುಡಮ್ಮಿ, ನಾನೂ ಕೇಳ್ತೀನಿ."

ಅವಳು ತಲೆ ಎತ್ತದೆ ಹಾಲು ಸುರಿದಳು.

"ನಿನ್ನೆ ಊರ್ಗೆಲ್ಲ ಹಾಡ್ದೆ. ಅದ್ರಾಗೆ ನಿನ್ ಪಾಲೂ ಇತ್ತು. ನಿಂದ ನೀನೇ ಬುಟ್ಟೋದೆ."

ಕ್ಯಾನು ಎತ್ತಿಕೊಂಡು ಹೊರಟುಹೋದಳು. ಅವನು ಅಲ್ಲೇ ನಿಂತಿದ್ದ. ಯಾರೂ ಅವನನ್ನು ಮಾತಾಡಿಸಲಿಲ್ಲ, ನಾನಂತೂ ಮಾತಾಡಿಸಲೇ ಇಲ್ಲ.