ಕ್ವಾರಿಯ ಅಜ್ಜಿ ಆಡಿದ ಮಾತು

ಇಂಥ ಕತೆಗಳನ್ನು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ತಂದೆ ಪ್ರೈಮರಿ ಶಾಲೆಯ ಮೇಷ್ಟ್ರು. ಮನೆಯ ಗೋಡೆಯ ಮೇಲೆ ಬುದ್ಧನ ಪಟ ಒಂದನ್ನು ಬಿಟ್ಟರೆ ಬೇರೆ ಪಟವಿರಲಿಲ್ಲ. ದೆವ್ವ, ಗಾಳಿ, ಮಾಟ ಎಂಬ ಮಾತುಗಳಿಗೂ ಜಾಗವಿರಲಿಲ್ಲ. ನರ್ಸ್ ತರಬೇತಿ ಮುಗಿಸಿ ಚಿಂತಾಮಣಿ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದ ಮೇಲೆ ಈ ಸ್ವಭಾವ ಇನ್ನಷ್ಟು ಗಟ್ಟಿಯಾಯಿತು. ಗಾಳಿ ಸೋಕಿದೆ ಎಂದು ಮನೆಯವರನ್ನು ಮುರುಗಮಲ್ಲದ ದರ್ಗಾಕ್ಕೆ ಕರೆದುಕೊಂಡು ಹೊರಟವರನ್ನು ಬಸ್ ಸ್ಟಾಂಡಿನಲ್ಲೇ ತಡೆದು, ಹೋಗೋದು ಹೋಗಿ, ಮೊದಲು ರಕ್ತ ಕೊಟ್ಟು ಹೋಗಿ ಎಂದು ಬೆರಳಿಗೆ ಸೂಜಿ ಚುಚ್ಚಿದ್ದೇನೆ. ಅವರಲ್ಲಿ ಕೆಲವರಿಗೆ ಮಲೇರಿಯಾ ಇದ್ದದ್ದೂ ಉಂಟು. ಹಾಗಾಗಿ ಈಗ ಬರೆಯಲಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಮಳೆಗಾಲ ಆಗಷ್ಟೇ ಮುಗಿದಿತ್ತು. ಅಂಬಾಜಿದುರ್ಗದ ಬೆಟ್ಟ ಕಾಣುವಷ್ಟು ದೂರದಲ್ಲಿ ಒಂದು ಕಲ್ಲು ಕ್ವಾರಿ ಇತ್ತು. ಅಲ್ಲಿ ಕಲ್ಲು ಒಡೆಯಲು ಒರಿಸ್ಸಾದಿಂದ ನಲವತ್ತು ಐವತ್ತು ಜನ ಬಂದಿದ್ದರು. ಹೆಂಗಸರು ಮಕ್ಕಳು ಸಮೇತ ತಾಡಪಾಲು ಹೊದಿಸಿದ ಜೋಪಡಿಗಳಲ್ಲಿ ಇದ್ದರು. ಅವರಿಗೆ ರೇಷನ್ ಕಾರ್ಡಿಲ್ಲ, ವೋಟಿಲ್ಲ, ನಮ್ಮ ಸರ್ವೆ ಪುಸ್ತಕದಲ್ಲಿ ಮನೆ ನಂಬರೂ ಇಲ್ಲ. ನಿಜ ಹೇಳಬೇಕೆಂದರೆ, ಎರಡು ವರ್ಷದಿಂದ ಅಲ್ಲೇ ಇದ್ದರೂ ನಮ್ಮ ಪಾಲಿಗೆ ಅವರು ಇರಲೇ ಇಲ್ಲ. ಕ್ವಾರಿಗೆ ಲೋಡಿಗೆ ಹೋಗುತ್ತಿದ್ದ ಲಾರಿ ಡ್ರೈವರೊಬ್ಬನಿಗೆ ತಲೆಗೇರುವ ಜಾತಿಯ ಮಲೇರಿಯಾ ಬಂದಾಗಲೇ ನಮಗೆ ಅವರ ನೆನಪಾದದ್ದು. ಅಲ್ಲಿರುವ ಒಬ್ಬರನ್ನೂ ಬಿಡದೆ ರಕ್ತ ತೆಗೆದುಕೊಂಡು ಬನ್ನಿ ಎಂದು ಡಾಕ್ಟರು ನನ್ನನ್ನೂ ಹೆಲ್ತ್ ಇನ್‌ಸ್ಪೆಕ್ಟರ್ ವೆಂಕಟರವಣಪ್ಪನವರನ್ನೂ ಕಳಿಸಿದರು.

ಮೊದಲ ಸಲ ಹೋದಾಗ ಜೀಪಿನ ಸದ್ದು ಕೇಳಿದ್ದೇ ಎಲ್ಲರೂ ಬಂಡೆಗಳ ಹಿಂದೆ ಓಡಿಹೋದರು. ಎರಡನೆಯ ಸಲ ಜೀಪನ್ನು ದೂರದಲ್ಲೇ ಬಿಟ್ಟು ನಡೆದು ಹೋದೆವು. ಆಗಲೂ ಹೆಂಗಸರು ನನ್ನನ್ನು ಕಂಡರೆ ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು. ನರ್ಸು ಬಂದರೆ ಹಿಡಿದುಕೊಂಡು ಹೋಗಿ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸುತ್ತಾರೆ ಎಂದು ಯಾರೋ ಅವರಿಗೆ ಹೇಳಿದ್ದರಂತೆ. ಅದು ಪೂರ್ತಿ ಸುಳ್ಳು ಎನ್ನಲು ನನಗೂ ಬಾಯಿ ಬರಲಿಲ್ಲ. ಆಪರೇಷನ್ ಟಾರ್ಗೆಟ್ಟಿನ ಕಾಲ ಅದು. ಆ ದಿನ ನಾನು ತಾಳ್ಮೆಗೆಟ್ಟು ಕೂಗಾಡಿಬಿಟ್ಟೆ. ಅವರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ, ಆದರೆ ಬೈಗುಳ ಎಂಬುದು ಅರ್ಥವಾಯಿತು.

ಭಾಷೆಯದೇ ದೊಡ್ಡ ತೊಡಕು. ಅವರ ಮೇಸ್ತ್ರಿ ದಂಡಾಸಿ ಎಂಬುವನು ಆಂಧ್ರದ ಗಡಿಯ ಕಡೆಯವನಾದ್ದರಿಂದ ಅವನಿಗೆ ತೆಲುಗು ಬರುತ್ತಿತ್ತು. ನಮ್ಮ ಕಡೆ ತೆಲುಗು ಬಾರದವರು ಯಾರು? ನಾನು ತೆಲುಗಿನಲ್ಲಿ ಹೇಳಿದ್ದನ್ನು ಅವನು ಒರಿಯಾದಲ್ಲಿ ಹೇಳುತ್ತಿದ್ದ. ಆದರೆ ಕೆಲವು ಕುಟುಂಬಗಳು ಅಲ್ಲಿನ ಬೆಟ್ಟಗಾಡಿನವರು. ಅವರ ಹಿರಿಯರಿಗೆ ಒರಿಯಾವೂ ಬಾರದು, ಅವರದು ಬೇರೆಯೇ ಭಾಷೆ. ಅದು ದಂಡಾಸಿಗೂ ತಿಳಿಯುತ್ತಿರಲಿಲ್ಲ.

ಮೂರನೆಯ ಸಲ ಹೋದದ್ದು ಒಂದು ಗುರುವಾರ. ಊಟದ ಹೊತ್ತು ಕಳೆದಿತ್ತು, ಬಿಸಿಲು ಚುರುಗುಟ್ಟುತ್ತಿತ್ತು. ದಂಡಾಸಿ ಒಬ್ಬೊಬ್ಬರನ್ನೇ ಒತ್ತಾಯಿಸಿ ಕರೆತಂದಂತೆ, ಅಷ್ಟು ಹೊತ್ತಿಗೆ ಮೂವತ್ತೇಳು ಜನರ ರಕ್ತ ತೆಗೆದು, ಮಾತ್ರೆ ಕೊಟ್ಟು, ಹೆಸರು ಬರೆದುಕೊಂಡಿದ್ದೆ. "ಇಂಕಾ ಎವರೂ ಲೇರಮ್ಮಾ, ಅಂತಾ ಅಯಿಪೋಯಿಂದಿ" ಎಂದ ದಂಡಾಸಿ. ಇನ್ನು ಯಾರೂ ಉಳಿದಿಲ್ಲವೆಂದು. ನಾನೂ ಅವನ ಮಾತು ನಂಬಿದೆ. ಕಲ್ಲು ತೆಗೆದ ಗುಂಡಿಗಳಲ್ಲಿ ನಿಂತಿದ್ದ ನೀರಿಗೆ ಸೊಳ್ಳೆಮರಿ ಸಾಯುವ ಎಣ್ಣೆ ಹಾಕಿಸಲು ವೆಂಕಟರವಣಪ್ಪನವರು ಅವನನ್ನು ಕರೆದುಕೊಂಡು ಹೋದರು. ನಾನು ಹೊಂಗೆಮರದ ಕೆಳಗೆ ಕೂತು ಗಾಜಿನ ಪಟ್ಟಿಗಳನ್ನು ಪೆಟ್ಟಿಗೆಗೆ ಜೋಡಿಸುತ್ತಿದ್ದೆ.

ಆಗ ಒಬ್ಬ ಮುದುಕಿ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಮುಖದ ತುಂಬ ಹಚ್ಚೆ, ಮೂಗಿನ ಎರಡೂ ಕಡೆ ನತ್ತು. ಯಾರೂ ಹೇಳದೆ ತಾನಾಗಿಯೇ ಬಂದು ಬೆರಳು ಚಾಚಿದವಳು ಅಲ್ಲಿ ಅವಳೊಬ್ಬಳೇ. ನಾನು ಹತ್ತಿಯಿಂದ ಒರೆಸಿ, ಚುಚ್ಚಿ, ರಕ್ತದ ಹನಿಯನ್ನು ಗಾಜಿನ ಮೇಲೆ ಸವರುತ್ತಿದ್ದಾಗ ಅವಳು ಮೆಲ್ಲಗೆ ಮಾತಾಡಿದಳು.

"ಇನ್ನೂ ಇಬ್ರವ್ರೆ ಕಣಮ್ಮ. ಬಂಡೆ ಹಿಂದ್ಗಡೆ ಹಳೇ ಮದ್ದಿನ ಮನೇಲಿ ಮಲಗ್ಸವ್ರೆ. ಹುಡುಗಿ ಕಣ್ಣೇ ಬಿಡ್ತಿಲ್ಲ. ಹೊತ್ತು ಇಳಿಯೋಕ್ ಮುಂಚೆ ಹೋಗವ್ವ."

ನಾನು ಹೆಸರು ಕೇಳಿದೆ. ಪೊದ್ಮ ಎಂದಳು. ವಯಸ್ಸಿನ ಜಾಗದಲ್ಲಿ ಅಂದಾಜಿಗೆ ಅರವತ್ತು ಎಂದು ಬರೆದೆ. ಪುಸ್ತಕ ಮುಚ್ಚಿ ಎದ್ದೆ. ಈಗ ನೆನೆದರೆ ನನಗೆ ಮೈ ಜುಮ್ಮೆನ್ನುವುದು ಅವಳ ಮಾತಿಗಲ್ಲ. ಒರಿಯಾವೂ ಬಾರದ ಬೆಟ್ಟದ ಮುದುಕಿಯೊಬ್ಬಳು ನಮ್ಮ ಪಕ್ಕದ ಮನೆಯವಳ ಹಾಗೆ ಕನ್ನಡ ಆಡಿದಳಲ್ಲ, ಅದು ಆ ಕ್ಷಣದಲ್ಲಿ ನನಗೆ ವಿಚಿತ್ರ ಅನ್ನಿಸಲೇ ಇಲ್ಲವಲ್ಲ, ಅದಕ್ಕೆ.

ಬಂಡೆಯ ಹಿಂದೆ ನಾನು ಅದಕ್ಕೂ ಮೊದಲು ಹೋಗಿರಲಿಲ್ಲ. ಜಾಲಿ ಗಿಡಗಳ ನಡುವೆ ಕಾಲುದಾರಿಯೂ ಇರಲಿಲ್ಲ. ಸುತ್ತು ಹಾಕಿ ಹೋದರೆ ಕಲ್ಲು ಚಪ್ಪಡಿಯ ಒಂದು ಸಣ್ಣ ಕೋಣೆ ಕಂಡಿತು. ಹಿಂದೆ ಯಾವಾಗಲೋ ಬಂಡೆ ಸಿಡಿಸುವ ಮದ್ದು ಇಡಲು ಕಟ್ಟಿದ್ದು. ಚಿಲಕಕ್ಕೆ ಹೊರಗಿನಿಂದ ತಂತಿ ಸುತ್ತಿತ್ತು. ಬಿಚ್ಚಿ ಬಾಗಿಲು ತಳ್ಳಿದೆ. ಒಳಗೆ ಗೋಣಿಚೀಲದ ಮೇಲೆ ಒಬ್ಬ ಗಂಡಸು ನಡುಗುತ್ತಾ ಮುದುಡಿಕೊಂಡಿದ್ದ. ಪಕ್ಕದಲ್ಲಿ ಇಪ್ಪತ್ತು ದಾಟಿರದ ಒಬ್ಬ ಹೆಣ್ಣುಮಗಳು, ಐದಾರು ತಿಂಗಳ ಬಸುರಿ. ಮೈ ಕಾದ ಹೆಂಚಿನ ಹಾಗಿತ್ತು. ಕರೆದರೆ ಓಗೊಡಲಿಲ್ಲ. ರೆಪ್ಪೆ ಬಿಡಿಸಿ ನೋಡಿದೆ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು.

ನಾನು ಕೂಗಿಕೊಂಡದ್ದಕ್ಕೆ ವೆಂಕಟರವಣಪ್ಪನವರೂ ದಂಡಾಸಿಯೂ ಓಡಿ ಬಂದರು. ದಂಡಾಸಿ ಅಲ್ಲೇ ಎಲ್ಲ ಒಪ್ಪಿಕೊಂಡ. ಜ್ವರ ಬಂದವರನ್ನು ಇಟ್ಟುಕೊಂಡರೆ ಇಡೀ ತಂಡವನ್ನೇ ವಾಪಸು ಕಳಿಸುತ್ತೇನೆಂದು ಮಾಲೀಕ ಹೇಳಿದ್ದನಂತೆ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಜ್ವರಕ್ಕೆ ಮಲಗಿದ್ದರಿಂದ ಎರಡು ದಿನ ಯಾರ ಕಣ್ಣಿಗೂ ಬೀಳದಂತೆ ಇರಿಸಿ, ಗುಣವಾದ ಮೇಲೆ ಹೊರಗೆ ಕರೆದರಾಯಿತು ಎಂದುಕೊಂಡನಂತೆ. ಹುಡುಗಿಯ ಹೆಸರು ಮಿನತಿ. ಅವಳು ಜ್ವರದ ಭ್ರಮೆಯಲ್ಲಿ ಎದ್ದು ಗುಂಡಿಯ ಕಡೆ ಓಡುತ್ತಿದ್ದಳೆಂದು ಬಾಗಿಲಿಗೆ ತಂತಿ ಕಟ್ಟಿದ್ದ. ತನಗೂ ಇನ್ನೊಬ್ಬನಿಗೂ ಬಿಟ್ಟರೆ ಇದು ಬೇರೆ ಯಾರಿಗೂ ಗೊತ್ತಿಲ್ಲವೆಂದೂ, ಇಬ್ಬರೂ ಊರಿಗೆ ಹೋದರೆಂದು ಎಲ್ಲರಿಗೂ ಹೇಳಿದ್ದಾಗಿಯೂ ತೆಲುಗಿನಲ್ಲಿ ಅತ್ತುಕೊಂಡು ಹೇಳಿದ. ನನಗೆ ಅದನ್ನೆಲ್ಲ ಕೇಳುವ ವ್ಯವಧಾನವಿರಲಿಲ್ಲ.

ಜೀಪು ಬೇರೆ ಊರಿಗೆ ಹೋಗಿತ್ತು. ಇಬ್ಬರನ್ನೂ ಹಗ್ಗದ ಮಂಚದ ಮೇಲೆ ರಸ್ತೆಗೆ ಹೊರಿಸಿಕೊಂಡು ಬಂದೆವು. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ರೇಷ್ಮೆಗೂಡು ಹಾಕಿ ವಾಪಸು ಬರುತ್ತಿದ್ದ ಒಂದು ಟೆಂಪೊ ಸಿಕ್ಕಿತು. ಖಾಲಿ ಬುಟ್ಟಿಗಳನ್ನು ಒತ್ತರಿಸಿ ಮಲಗಿಸಿ ಚಿಂತಾಮಣಿಯ ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಮಿನತಿಗೆ ಒಂದು ಸಲ ಫಿಟ್ಸ್ ಬಂತು. ಅವಳ ತಲೆಯನ್ನು ತೊಡೆಯ ಮೇಲೆ ಪಕ್ಕಕ್ಕೆ ತಿರುಗಿಸಿ ಹಿಡಿದುಕೊಂಡು ಕೂತಿದ್ದೆ. ಇನ್ನೊಂದು ರಾತ್ರಿ ಕಳೆದಿದ್ದರೆ ಉಳಿಯುತ್ತಿರಲಿಲ್ಲ ಎಂದರು ಅಲ್ಲಿನ ಡಾಕ್ಟರು. ಗ್ಲೂಕೋಸಿನಲ್ಲಿ ಕ್ವಿನೈನ್ ಹಾಕಿ ಹನಿಸಿದರು. ಮೂರನೆಯ ದಿನ ಅವಳು ಕಣ್ಣು ಬಿಟ್ಟಳು. ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ. ಗಂಡ ಬೇಗ ಚೇತರಿಸಿಕೊಂಡ. ಅವಳ ಮಂಚದ ಪಕ್ಕ ನೆಲದ ಮೇಲೆ ಕೂತು, ಹಗಲೂ ರಾತ್ರಿ ಅವಳ ಕಾಲು ಒತ್ತುತ್ತಿದ್ದ.

ಆಸ್ಪತ್ರೆಗೆ ಸೇರಿಸಿದ ಸಂಜೆಯೇ, ಹೊರಗೆ ಟೀ ಕುಡಿಯುತ್ತಾ ವೆಂಕಟರವಣಪ್ಪನವರು, ಅವರು ಅಲ್ಲಿರುವುದು ನಿನಗೆ ಹೇಗೆ ತಿಳಿಯಿತು ಎಂದು ಕೇಳಿದರು. ಆ ಹಚ್ಚೆಯ ಅಜ್ಜಿ ಹೇಳಿತು ಎಂದೆ. ಯಾವ ಭಾಷೆಯಲ್ಲಿ ಎಂದರು. ಕನ್ನಡದಲ್ಲಿ ಎಂದು ಹೇಳಿದ ಮೇಲೆಯೇ, ನಾನು ಹೇಳುತ್ತಿರುವುದು ಏನೆಂದು ನನ್ನ ಕಿವಿಗೇ ಕೇಳಿಸಿದ್ದು.

ಅವರು ಲೋಟ ಕೆಳಗಿಟ್ಟರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ತಮಾಷೆಗೂ ಸುಳ್ಳು ಹೇಳುವವರಲ್ಲ.

"ನಾನು ಗುಂಡಿ ದಡದ ಮೇಲಿಂದ ನಿಮ್ಮಿಬ್ರನ್ನೂ ನೋಡ್ತಾನೇ ಇದ್ದೆ ಕಣಮ್ಮ. ಆಯಮ್ಮ ಬಾಯೇ ಬಿಡ್ಲಿಲ್ಲ. ನೀನೇ ಮಾತಾಡ್ತಿದ್ದೆ."

ದೂರದಿಂದ ಸರಿಯಾಗಿ ಕಂಡಿರಲಿಕ್ಕಿಲ್ಲ ಎಂದೆ. ಇರಬಹುದು ಎಂದರು ಅವರು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಹುಶಃ ನಾನು ಬಂಡೆಯ ಕಡೆಯಿಂದ ನರಳುವ ಸದ್ದು ಕೇಳಿಸಿಕೊಂಡಿರಬೇಕು, ದಂಡಾಸಿಯ ಕಣ್ಣು ಪದೇ ಪದೇ ಅತ್ತ ಹೋಗುತ್ತಿದ್ದುದನ್ನು ಕಂಡಿರಬೇಕು, ಅದನ್ನೇ ಮನಸ್ಸು ಅಜ್ಜಿಯ ಬಾಯಲ್ಲಿ ಆಡಿಸಿರಬೇಕು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಹಾಗಾದರೆ 'ಪೊದ್ಮ' ಎಂಬ ಹೆಸರು? ಅದು ನನ್ನ ಕೈಬರಹದಲ್ಲೇ ಪುಸ್ತಕದಲ್ಲಿತ್ತು.

ಎಂಟು ದಿನದ ನಂತರ ರಕ್ತದ ರಿಪೋರ್ಟು ಬಂತು. ಅಜ್ಜಿಯದೂ ಸೇರಿ ಒಂಬತ್ತು ಜನರಲ್ಲಿ ರೋಗವಿತ್ತು. ಮಾತ್ರೆ ತೆಗೆದುಕೊಂಡು ಕ್ವಾರಿಗೆ ಹೋದೆ. ಈ ಸಲ ಯಾರೂ ಓಡಲಿಲ್ಲ. ಮಿನತಿ ಬದುಕಿದ ಸುದ್ದಿ ಅವರಿಗೆ ತಲುಪಿತ್ತು. ಹೆಂಗಸರು ತಾವಾಗಿಯೇ ಮಕ್ಕಳನ್ನು ಎತ್ತಿಕೊಂಡು ಬಂದು, ಮೈ ಮುಟ್ಟಿ ನೋಡು ಎಂದು ಸನ್ನೆ ಮಾಡಿದರು. ಒಬ್ಬಳು ನನಗೆ ಕೂರಲು ಕಲ್ಲಿನ ಮೇಲೆ ತನ್ನ ಸೀರೆ ಮಡಿಸಿ ಹಾಸಿದಳು. ಎಲ್ಲರಿಗೂ ಮಾತ್ರೆ ನುಂಗಿಸಿದ ಮೇಲೆ ಅಜ್ಜಿಯನ್ನು ಹುಡುಕಿಕೊಂಡು ಹೋದೆ.

ಅವಳು ಜೋಪಡಿಯ ಮುಂದೆ ಕೂತಿದ್ದಳು. ದಂಡಾಸಿಯನ್ನೂ, ಬೆಟ್ಟದ ಭಾಷೆ ಬರುತ್ತಿದ್ದ ಮಿನತಿಯ ನಾದಿನಿಯನ್ನೂ ಕರೆಸಿಕೊಂಡೆ. ನಾನು ತೆಲುಗಿನಲ್ಲಿ ದಂಡಾಸಿಗೆ, ಅವನು ಒರಿಯಾದಲ್ಲಿ ನಾದಿನಿಗೆ, ಅವಳು ತಮ್ಮ ಭಾಷೆಯಲ್ಲಿ ಅಜ್ಜಿಗೆ. ಉತ್ತರವೂ ಅದೇ ದಾರಿಯಲ್ಲಿ ವಾಪಸು. ಮೊದಲು ಹೆಸರು ಕೇಳಿಸಿದೆ. ಪೊದ್ಮ ಎಂದು ಬಂತು. ದಂಡಾಸಿ ನನ್ನ ಮುಖ ನೋಡಿದ. ಎಲ್ಲರೂ ಬುಢಿ, ಅಂದರೆ ಮುದುಕಿ, ಎಂದೇ ಕರೆಯುತ್ತಿದ್ದರಿಂದ ಅವನಿಗೂ ಆ ಹೆಸರು ಗೊತ್ತಿರಲಿಲ್ಲವಂತೆ.

ಅವತ್ತು ನೀನು ಹೇಳಿದ್ದರಿಂದ ಎರಡು ಜೀವ ಉಳಿಯಿತು, ನಿನಗೆ ಕನ್ನಡ ಎಲ್ಲಿಂದ ಬಂತು ಎಂದು ಕೇಳಿಸಿದೆ.

ಪ್ರಶ್ನೆ ತಲುಪಿದಾಗ ಅಜ್ಜಿ ನಗಲಿಲ್ಲ. ನನ್ನ ಮುಖ ನೋಡುತ್ತಲೇ ನಾಲ್ಕೈದು ಮಾತು ಆಡಿದಳು. ನನಗೆ ಒಂದೂ ತಿಳಿಯಲಿಲ್ಲ. ಧ್ವನಿ ಮಾತ್ರ ಅದೇ. ನಾದಿನಿ ತಡೆದು ತಡೆದು ದಂಡಾಸಿಗೆ ಹೇಳಿದಳು. ದಂಡಾಸಿ ಇನ್ನೊಮ್ಮೆ ಹೇಳಿಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, ಸ್ವಲ್ಪ ಹೆದರಿಕೊಂಡೇ, ತೆಲುಗಿನಲ್ಲಿ ಹೇಳಿದ:

"ಇವಳು ಏನೂ ಹೇಳಲಿಲ್ಲವಂತಮ್ಮ. ಮಿನತಿ ಅಲ್ಲಿರೋದು ಇವಳಿಗೆ ಗೊತ್ತೇ ಇರಲಿಲ್ಲವಂತೆ. ಎಲ್ಲರೂ ಕೊಟ್ಟಾಯ್ತು, ಮುದುಕಿ ನಾನೂ ರಕ್ತ ಕೊಡೋಣ ಅಂತ ಬಂದಳಂತೆ. ಹೇಳಿದ್ದು ನೀವಂತೆ. ಬಂಡೆ ಹಿಂದೆ ಇಬ್ಬರಿದ್ದಾರೆ, ಹುಡುಗಿ ಕಣ್ಣು ಬಿಡ್ತಿಲ್ಲ ಅಂತ ನೀವೇ ಇವರ ಭಾಷೆಯಲ್ಲಿ ಹೇಳಿದಿರಂತೆ. ನಮ್ಮ ಮಾತು ನೀನು ಎಲ್ಲಿ ಕಲಿತೆ ಅಂತ ಇವಳೇ ನಿಮ್ಮನ್ನ ಕೇಳಬೇಕು ಅಂತಿದ್ದಳಂತೆ."

ಇನ್ನೊಮ್ಮೆ ಕೇಳು ಎಂದೆ. ಇನ್ನೊಮ್ಮೆ ಕೇಳಿದ. ಅದೇ ಉತ್ತರ ಬಂತು. ಅಜ್ಜಿ ಕೈ ಚಾಚಿ ನನ್ನ ಗಲ್ಲವನ್ನು ಬೆರಳ ತುದಿಯಿಂದ ಮುಟ್ಟಿ, ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅವಳೂ ಹೆದರಿದ್ದಳು ಎಂದು ಆಗ ತಿಳಿಯಿತು.

ಮುಂದಿನ ಬೇಸಿಗೆಗೆ ಆ ಕ್ವಾರಿಯ ಕೆಲಸ ನಿಂತಿತು. ಅವರೆಲ್ಲ ಪೆನುಕೊಂಡೆ ಕಡೆ ಎಲ್ಲೋ ಬೇರೆ ಕೆಲಸಕ್ಕೆ ಹೋದರೆಂದು ಕೇಳಿದೆ. ಹೋಗುವ ಮೊದಲು ಮಿನತಿ ಆರೋಗ್ಯ ಕೇಂದ್ರದವರೆಗೂ ನಡೆದುಕೊಂಡು ಬಂದು, ಬಾಗಿಲಲ್ಲಿ ನಿಂತು ಕೈ ಮುಗಿದು ಹೋದಳು. ನಮ್ಮಿಬ್ಬರಿಗೂ ಬರುವ ಒಂದು ಭಾಷೆ ಇರಲಿಲ್ಲ.

ಆಮೇಲೆ ನಾನು ಗೌರಿಬಿದನೂರಿನಲ್ಲಿ, ಚಿಕ್ಕಬಳ್ಳಾಪುರದಲ್ಲಿ, ಇಟ್ಟಿಗೆಗೂಡುಗಳಲ್ಲಿ, ರಸ್ತೆ ಕೆಲಸದ ಗುಡಾರಗಳಲ್ಲಿ ಎಷ್ಟೋ ಊರಿನ ಎಷ್ಟೋ ಭಾಷೆಯ ಜನರ ಮುಂದೆ ಕೂತು ಬೆರಳಿಗೆ ಸೂಜಿ ಚುಚ್ಚಿದ್ದೇನೆ. ಹಾಗೆ ಮತ್ತೆಂದೂ ಆಗಲಿಲ್ಲ. ಎರಡು ಬಾಯಿ ದಾಟಿ ಬಂದ ಉತ್ತರದಲ್ಲಿ ಎಲ್ಲೋ ತಪ್ಪಾಗಿರಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ವೆಂಕಟರವಣಪ್ಪನವರು ದೂರದಿಂದ ಕಂಡದ್ದಕ್ಕೂ ಅಜ್ಜಿ ಹೇಳಿದ್ದಕ್ಕೂ ತಾಳೆಯಾಗುತ್ತದೆ. ತಾಳೆಯಾಗದೆ ಉಳಿದಿರುವುದು ನನ್ನ ಕಿವಿಯೊಂದೇ. ಆ ಕಿವಿಯಲ್ಲಿ ಅವಳ ದನಿ ಈಗಲೂ ಸ್ಪಷ್ಟವಾಗಿದೆ, ಕನ್ನಡದಲ್ಲೇ ಇದೆ. ನನಗೂ ಗೊತ್ತಿಲ್ಲದೆ, ಅವಳಿಗೂ ಗೊತ್ತಿಲ್ಲದೆ ಇದ್ದ ಮೇಲೆ, ಆ ಹುಡುಗಿ ಅಲ್ಲಿದ್ದಾಳೆಂದು ಹೇಳಿದವರು ಯಾರು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.