ಐವತ್ತೆಂಟು ಕಥೆಗಳಿಗೆ ಸಂಪತ್ಕುಮಾರನ ಷರಾ

ಸುಲೋಚನಾ ಬಸ್ಸು ಹತ್ತಿದಳು, ಧಾರಾವಾಹಿ ಮುಗಿಯಿತು. ವಾರಪತ್ರಿಕೆಯೊಂದರಲ್ಲಿ ಒಂದೂವರೆ ವರ್ಷ ಓದುಗರನ್ನು ಗುರುವಾರದಿಂದ ಗುರುವಾರಕ್ಕೆ ಕಾಯಿಸಿದ ನರ್ಸ್ ಸುಲೋಚನಾ, ಕೊನೆಯ ಕಂತಿನಲ್ಲಿ ಗಂಡನ ಮನೆಯ ಬೀಗದ ಕೈಯನ್ನು ಕಿಟಕಿಯೊಳಗೆ ಎಸೆದು, ಒಂದು ಕೆಂಪು ಬಸ್ಸು ಹತ್ತಿ ಕೂತುಬಿಟ್ಟಳು. ಬಸ್ಸಿನ ಬೋರ್ಡು ಯಾವ ಊರಿನದು, ಇವಳು ಎಲ್ಲಿ ಇಳಿದಳು, ಯಾರ ಮನೆಯಲ್ಲಿ ಊಟ ಮಾಡಿದಳು ಎಂಬ ಒಂದು ಮಾತನ್ನೂ ಲೇಖಕರು ಬರೆಯಲಿಲ್ಲ. ಅದು ಕಲೆಯಂತೆ. ಹಾಸನದ ಕಡೆಯ ಓದುಗರಿಗೆ ಈ ಕಲೆ ಹಿಡಿಸಲಿಲ್ಲ. ಬಸ್ಸು ಹತ್ತಿದವರು ಎಲ್ಲಾದರೂ ಇಳಿಯಲೇಬೇಕು ಎಂಬುದು ಅವರ ಸರಳವಾದ ವಾದ.

ಹಾಸನದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ಷಡಕ್ಷರಿ ಈ ಸಿಟ್ಟನ್ನೇ ಬಂಡವಾಳ ಮಾಡಿಕೊಂಡು ೧೯೯೬ರಲ್ಲಿ ‘ಸುಲೋಚನಾ ಓದುಗರ ಬಳಗ’ ಕಟ್ಟಿದ. ಅವಳ ಮುಂದಿನ ಕಥೆಯನ್ನು ಓದುಗರೇ ಬರೆಯುವುದು, ವರ್ಷಕ್ಕೊಮ್ಮೆ ಒಳ್ಳೆಯ ಕಥೆಗೆ ಬಹುಮಾನ ಕೊಡುವುದು. ಬರೆಯಲು ಯಾರೂ ಹಿಂದೆಮುಂದೆ ನೋಡಲಿಲ್ಲ. ಅರಕಲಗೂಡಿನವರು ಅವಳನ್ನು ಅರಕಲಗೂಡಿನಲ್ಲೇ ಇಳಿಸಿ ಹೈಸ್ಕೂಲು ಮೇಷ್ಟರಿಗೆ ಮದುವೆ ಮಾಡಿದರು. ಚನ್ನರಾಯಪಟ್ಟಣದವರು ಇಳಿಸಿ, ಎಳನೀರು ಕುಡಿಸಿ, ಕೊಬ್ಬರಿ ಮಂಡಿಯ ಯಜಮಾನಿ ಮಾಡಿದರು. ಮೊಸಳೆ ಎಂಬ ಊರಿನ ಒಬ್ಬರು ಅಲ್ಲಿನ ಜೋಡಿ ದೇವಸ್ಥಾನದ ಹತ್ತಿರ ಇಳಿಸಿ, ಮುಂದೇನು ಮಾಡುವುದೆಂದು ತಿಳಿಯದೆ ಎರಡೂ ಗುಡಿಗೆ ಪ್ರದಕ್ಷಿಣೆ ಹಾಕಿಸಿ, ಮತ್ತೆ ಅದೇ ಬಸ್ಸು ಹತ್ತಿಸಿದರು.

ತೀರ್ಪುಗಾರರನ್ನು ನೇಮಿಸಿದರೆ ಊರೂರಿಗೆ ಜಗಳ ಹತ್ತುತ್ತದೆ ಎಂದು ಷಡಕ್ಷರಿ ಒಂದು ಉಪಾಯ ಮಾಡಿದ್ದ. ಕಥೆಗಳ ಜೆರಾಕ್ಸ್ ಕಟ್ಟು ಬಸ್ಸಿನಲ್ಲಿ ಒಂದೊಂದು ಊರಿನ ಒಂದೊಂದು ಅಂಗಡಿಗೆ ಬರುತ್ತದೆ. ಅದರ ಜೊತೆ ಹತ್ತು ಗೆರೆಯ ಅಭಿಪ್ರಾಯದ ಹಾಳೆಗಳು. ಯಾರು ಬೇಕಾದರೂ ಯಾವ ಕಥೆಗೆ ಬೇಕಾದರೂ ಅಭಿಪ್ರಾಯ ಬರೆಯಬಹುದು. ಬರೆದ ಒಂದು ಸಾಲಿಗೆ ಕಥೆಗೆ ಒಂದು ಅಂಕ. ಹೆಚ್ಚು ಅಂಕ ಬಂದ ಕಥೆಗೆ ಹಿತ್ತಾಳೆ ದೀಪ.

ಇಂಥ ಬಳಗಕ್ಕೆ ನಮ್ಮ ಹೊಳೆನರಸೀಪುರದ ಸಂಪತ್ಕುಮಾರ ಸೇರಿದ. ವಯಸ್ಸು ಐವತ್ತೆರಡು, ನೋಂದಣಿ ಕಚೇರಿಯ ಎದುರು ಹೊಂಗೆಮರದ ಕೆಳಗೆ ಮೇಜು ಹಾಕಿಕೊಂಡು ಜಮೀನಿನ ಪತ್ರ ಬರೆಯುವವನು. ಕ್ರಯಪತ್ರ, ವಿಭಾಗಪತ್ರ, ಉಯಿಲು, ಏನು ಬೇಕಾದರೂ ಮುತ್ತು ಪೋಣಿಸಿದ ಅಕ್ಷರದಲ್ಲಿ ಬರೆದುಕೊಡುತ್ತಿದ್ದ. ಮೊದಲ ವರ್ಷ ಅವನೂ ಒಂದು ಕಥೆ ಬರೆದ. ‘ಸದರಿ ಸುಲೋಚನಾ ಎಂಬುವರು ಸದರಿ ಬಸ್ಸಿನಿಂದ ಸದರಿ ದಿನ ಇಳಿದಿರುತ್ತಾರೆ’ ಎಂದು ಶುರುವಾಗುವ ಹನ್ನೊಂದು ಪುಟ. ಫಲಿತಾಂಶದ ಪಟ್ಟಿ ಬಂದಾಗ ಎಲ್ಲ ಕಥೆಗಳ ಮುಂದೆ ಅಂಕವಿತ್ತು, ಇವನ ಕಥೆಯ ಮುಂದೆ ಒಂದು ಅಡ್ಡ ಗೀಟು. ಸೊನ್ನೆಯೂ ಅಲ್ಲ. ಯಾರೊಬ್ಬರೂ ಒಂದು ಸಾಲು ಬರೆದಿರಲಿಲ್ಲ. ಕೆಟ್ಟದಾಗಿದೆ ಎಂದು ಬರೆದಿದ್ದರೂ ಒಂದು ಅಂಕ ಬರುತ್ತಿತ್ತು.

ಅವನಿಗೆ ಆದ ಸಂಕಟ ಸಣ್ಣದಲ್ಲ. ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ‘ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಿಮ್ಮ ಹೆಗ್ಗಣ ನನಗೂ ಮುದ್ದಾಗಿಯೇ ಇತ್ತು ಬಿಡಿ’ ಎಂದು ಹೆಂಡತಿ ಲಕ್ಷ್ಮೀದೇವಮ್ಮ ಸಮಾಧಾನ ಹೇಳಿದಳು. ಹೇಳಿದವಳು ಎರಡನೇ ಪುಟಕ್ಕೇ ನಿದ್ದೆ ಹೋಗಿದ್ದಳು. ಅದು ಇಬ್ಬರಿಗೂ ಗೊತ್ತಿತ್ತು.

ಎರಡನೇ ವರ್ಷ ಅವನು ಕಥೆ ಬರೆಯಲಿಲ್ಲ. ಬದಲಿಗೆ ಒಂದು ಸಂಕಲ್ಪ ಮಾಡಿದ. ಬಂದಿರುವ ಐವತ್ತೆಂಟು ಕಥೆಗಳನ್ನೂ ತಾನು ಓದಬೇಕು, ಐವತ್ತೆಂಟಕ್ಕೂ ಅಭಿಪ್ರಾಯ ಬರೆಯಬೇಕು. ಈ ಸಲ ಯಾವ ಕಥೆಯ ಮುಂದೆಯೂ ಗೀಟು ಬರಬಾರದು. ತನಗಾದದ್ದು ಇನ್ನೊಬ್ಬರಿಗೆ ಆಗಬಾರದು, ಅಷ್ಟೇ. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದೆ ಇದನ್ನೂ ಅವನು ಪತ್ರ ಮಾಡಿಯೇ ಬರೆದ. ‘ಒಂದನೇ ಪಾರ್ಟಿ ಸಂಪತ್ಕುಮಾರ, ಎರಡನೇ ಪಾರ್ಟಿಯೂ ಸದರಿ ಸಂಪತ್ಕುಮಾರ. ಉಭಯ ಪಾರ್ಟಿಗಳೂ ಒಪ್ಪಿ ಬರೆದುಕೊಂಡ ಕರಾರು ಏನೆಂದರೆ, ದಿನಕ್ಕೆ ಎರಡು ಕಥೆಯಂತೆ ಮೂವತ್ತು ದಿನದೊಳಗೆ ಮುಗಿಸತಕ್ಕದ್ದು. ಐದು ಸಾಲಿಗೆ ಕಡಿಮೆ ಬರೆಯತಕ್ಕದ್ದಲ್ಲ. ಕಥೆ ಎಷ್ಟೇ ಕೆಟ್ಟಿದ್ದರೂ ಒಂದಾದರೂ ಒಳ್ಳೆಯ ಮಾತು ಹುಡುಕತಕ್ಕದ್ದು.’

ಲಕ್ಷ್ಮೀದೇವಮ್ಮ ಓದಿ, ‘ತಪ್ಪಿದರೆ ಯಾರು ಯಾರ ಮೇಲೆ ದಾವಾ ಹೂಡ್ತೀರಿ?’ ಎಂದು ಕೇಳಿದಳು.

ಆರಂಭ ಜೋರಾಗಿತ್ತು. ಮೊದಲ ವಾರದಲ್ಲಿ ಹದಿನೈದು ಕಥೆ ಮುಗಿದವು. ಅಭಿಪ್ರಾಯಗಳಾದರೋ ಥೇಟು ಕ್ರಯಪತ್ರದ ಭಾಷೆಯಲ್ಲೇ ಇದ್ದವು, ಬೇರೆ ಭಾಷೆ ಅವನ ಪೆನ್ನಿಗೆ ಬರುತ್ತಿರಲಿಲ್ಲ. ಮನೆಯೊಳಗಿನ ಜಗಳದ ಕಥೆಯೊಂದಕ್ಕೆ ಹೊಲಕ್ಕೆ ಹಾಕುವಂತೆ ಚಕ್ಕುಬಂದಿ ಹಾಕಿದ: ‘ನಾಯಕಿಗೆ ಪೂರ್ವಕ್ಕೆ ಅತ್ತೆ, ಪಶ್ಚಿಮಕ್ಕೆ ನಾದಿನಿ, ಉತ್ತರಕ್ಕೆ ಮಾತಾಡದ ಗಂಡ, ದಕ್ಷಿಣಕ್ಕೆ ಬಾಗಿಲು. ಬಾಗಿಲನ್ನು ಲೇಖಕರು ಚೆನ್ನಾಗಿ ವರ್ಣಿಸಿರುತ್ತಾರೆ.’ ಅರಕಲಗೂಡಿನ ಒಬ್ಬ ಮಹಾಶಯರು ಸುಲೋಚನಾಳನ್ನು ಬಸ್ಸಿನಿಂದ ಇಳಿಸಿ ಸೀದಾ ತಾವೇ ಮದುವೆ ಮಾಡಿಕೊಂಡಿದ್ದರು, ಅದೂ ಸ್ವಂತ ಹೆಸರು ವಿಳಾಸ ಸಮೇತ. ಅವರಿಗೆ ಬರೆದದ್ದು: ‘ಊಟದ ವರ್ಣನೆ ಉತ್ತಮವಾಗಿದೆ. ಆದರೆ ಸದರಿ ವಿವಾಹಕ್ಕೆ ಸುಲೋಚನಾಳ ಒಪ್ಪಿಗೆ ಪಡೆದ ಬಗ್ಗೆ ಕಥೆಯಲ್ಲಿ ಯಾವುದೇ ದಾಖಲೆ ಕಂಡುಬರುವುದಿಲ್ಲ.’

ಬರೆದಾದ ಮೇಲೆ ಪ್ರತಿ ಹಾಳೆಯಲ್ಲೂ ಉಳಿದ ಖಾಲಿ ಜಾಗಕ್ಕೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದು, ಗೆರೆಯ ಪಕ್ಕ ರುಜು ಹಾಕುತ್ತಿದ್ದ. ಪತ್ರ ಬರೆಯುವವರ ಕಟ್ಟುನಿಟ್ಟು ಅದು. ಖಾಲಿ ಬಿಟ್ಟರೆ ನಾಳೆ ಯಾರೋ ಎರಡು ಮಾತು ಸೇರಿಸಿ ಎರಡು ಗುಂಟೆ ಹೊಡೆದುಕೊಳ್ಳುತ್ತಾರೆ. ಮೂವತ್ತು ವರ್ಷದಿಂದ ಕೈಗೆ ಹತ್ತಿದ ಅಭ್ಯಾಸ ಕಥೆಗಾಗಿ ಬಿಡುತ್ತದೆಯೇ?

ಎರಡನೇ ವಾರಕ್ಕೆ ರಗಳೆ ಶುರುವಾಯಿತು. ಕಚೇರಿ ಎದುರು ಕೂತು ಒಂದು ಕೈಯಲ್ಲಿ ಕಥೆ, ಒಂದು ಕೈಯಲ್ಲಿ ಕ್ರಯಪತ್ರ ನಡೆಸುತ್ತಿದ್ದನಲ್ಲ, ಒಂದು ದಿನ ದೊಡ್ಡಯ್ಯ ಎಂಬ ರೈತ ತನ್ನ ಪತ್ರವನ್ನು ಯಾರಿಂದಲೋ ಓದಿಸಿಕೊಂಡು ತಿರುಗಿ ಬಂದ.

‘ಸಾ, ನಮ್ಮೊಲದ ಪೂರ್ವಕ್ಕೆ ಯಾರೋ ಎಣ್ಣುಮಗ್ಳು ಇಳಿದ ಬಸ್‌ಸ್ಟಾಂಡ್ ಐತೆ ಅಂತ ಬರ್ದಿದ್ದೀರಲ್ಲ, ಅದ್ಯಾವಾಗ ಕಟ್ಟುದ್ರು ಸಾ? ಅಲ್ಲಿರಾದು ನಮ್ಮಣ್ಣನ ರಾಗಿ ಒಲ ಕಣ್ ಸಾ.’

ಮೂವತ್ತು ವರ್ಷದಲ್ಲಿ ಒಂದು ಅಕ್ಷರ ತಪ್ಪದ ಸಂಪತ್ಕುಮಾರ ಇಡೀ ಬಸ್ ನಿಲ್ದಾಣವನ್ನೇ ರಾಗಿ ಹೊಲದಲ್ಲಿ ಇಳಿಸಿದ್ದ. ಹೊಸ ಕಾಗದ ತೆಗೆದು ಪತ್ರವನ್ನು ಮತ್ತೆ ಬರೆದುಕೊಟ್ಟ. ಅಂದಿನಿಂದ ಕಚೇರಿ ಹೊತ್ತಿನಲ್ಲಿ ಕಥೆ ಮುಟ್ಟಲಿಲ್ಲ. ಹಾಗಾಗಿ ಲೆಕ್ಕ ಹಿಂದೆ ಬಿತ್ತು. ಇಪ್ಪತ್ತೊಂದನೇ ದಿನಕ್ಕೆ ಮೂವತ್ತು ಕಥೆಯೂ ಆಗಿರಲಿಲ್ಲ.

ಇನ್ನು ಮನುಷ್ಯನಿಗೆ ಎಲ್ಲಿ ಕೂತರೂ ಕಥೆಯೇ. ಅರಕಲಗೂಡಿನಲ್ಲಿ ಷಡ್ಡಕನ ಮಗಳ ಮದುವೆ, ಧಾರೆಯ ಹೊತ್ತಿಗೆ ಎಲ್ಲರೂ ಅಕ್ಷತೆ ಹಾಕುತ್ತಿದ್ದರೆ ಇವನು ಕಂಬದ ಹಿಂದೆ ನಲವತ್ತಮೂರನೇ ಕಥೆ ಓದುತ್ತಿದ್ದ. ಅದರಲ್ಲಿ ಸುಲೋಚನಾ ಆಗತಾನೆ ಹೊಳೆಗೆ ಬಿದ್ದಿದ್ದಳು. ಇವನ ಕಣ್ಣಲ್ಲಿ ನೀರು ನೋಡಿ ಬೀಗರು, ‘ಹೆಣ್ಣು ಕೊಟ್ಟವರಿಗಿಂತ ಇವರಿಗೇ ಜಾಸ್ತಿ ದುಃಖ ಆಗಿದೆ, ಎಂಥ ಅಂತಃಕರಣ!’ ಎಂದು ಎರಡು ಹೋಳಿಗೆ ಹೆಚ್ಚಿಗೆ ಬಡಿಸಿದರು. ಲಕ್ಷ್ಮೀದೇವಮ್ಮ ತಲೆ ತಗ್ಗಿಸಿಕೊಂಡು ಊಟ ಮಾಡಿದಳು.

ಕೊನೆಯ ದಿನ ಮಧ್ಯಾಹ್ನ ಐವತ್ತೇಳು ಮುಗಿದವು. ಬಳಗದ ಕಟ್ಟನ್ನು ಇಟ್ಟುಕೊಳ್ಳುತ್ತಿದ್ದ ಸ್ಟೇಷನರಿ ಅಂಗಡಿಯ ರಂಗಸ್ವಾಮಿ ಎಷ್ಟು ತಡಕಿದರೂ ಐವತ್ತೆಂಟನೆಯದು ಸಿಗಲಿಲ್ಲ. ‘ಒಂದು ತಾನೆ, ಹೋಗ್ಲಿ ಬಿಡಿ ಸ್ವಾಮಿ’ ಎಂದ. ಸಂಪತ್ಕುಮಾರನಿಗೆ ರೇಗಿತು. ‘ಹೋಗೋದು ಯಾರದ್ದು ಅಂತ ಗೊತ್ತೇನಯ್ಯಾ ನಿನಗೆ?’ ಎಂದು ತಾನೇ ಅಂಗಡಿಯೊಳಗೆ ನುಗ್ಗಿದ. ಅದು ಡ್ರಾಯಿಂಗ್ ಹಾಳೆಗಳ ಕೆಳಗೆ ಸಿಕ್ಕಿತು. ನಾಲ್ಕೇ ಪುಟ, ಪೆನ್ಸಿಲಿನಲ್ಲಿ ಬರೆದದ್ದು, ಜೆರಾಕ್ಸಿನಲ್ಲಿ ಅರ್ಧ ಅಳಿಸಿಹೋಗಿತ್ತು. ಬರೆದವರು ಸುಬ್ಬಮ್ಮ, ಕೃಷ್ಣಪ್ಪನ ಹೆಂಡತಿ, ದಂಡಿಗನಹಳ್ಳಿ.

ಹಾಸನದ ಐದು ಗಂಟೆಯ ಬಸ್ಸಿಗೆ ಎಲ್ಲ ಹಾಳೆಗಳ ಕವರು ಕೊಡಬೇಕು, ಆಗಲೇ ನಾಲ್ಕೂವರೆ. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಬೆಳಕಿಗೆ ಹಿಡಿದು ಓದಿದ. ಕಥೆಯಲ್ಲಿ ಏನೂ ನಡೆಯುವುದಿಲ್ಲ. ಸುಲೋಚನಾ ದಂಡಿಗನಹಳ್ಳಿಯಲ್ಲಿ ಇಳಿಯುತ್ತಾಳೆ. ಒಬ್ಬಳು ಹೆಂಗಸು ಮಜ್ಜಿಗೆ ಕೊಟ್ಟು, ನಡುಮನೆಯಲ್ಲಿ ಚಾಪೆ ಹಾಸುತ್ತಾಳೆ. ಸುಲೋಚನಾ ಮಲಗುತ್ತಾಳೆ. ದನ ಮನೆಗೆ ಬರುವ ಹೊತ್ತಾಗುತ್ತದೆ, ಒಲೆ ಹೊತ್ತಿಸುವ ಹೊತ್ತಾಗುತ್ತದೆ, ಅವಳನ್ನು ಯಾರೂ ಎಬ್ಬಿಸುವುದಿಲ್ಲ. ಕಥೆ ಮುಗಿಯಿತು.

ಮದುವೆಗಳು, ಕೊಬ್ಬರಿ ಮಂಡಿ, ಹೊಳೆ, ಪ್ರದಕ್ಷಿಣೆ ಎಲ್ಲವನ್ನೂ ಓದಿ ದಣಿದಿದ್ದ ಸಂಪತ್ಕುಮಾರನಿಗೆ ಇದನ್ನು ಓದಿ ತುಂಬ ಸಮಾಧಾನವಾಯಿತು. ಕಂಡಕ್ಟರ್ ಸೀಟಿ ಊದುವುದರೊಳಗೆ ಏಳು ಸಾಲು ಬರೆದ, ಗೆರೆ ಎಳೆದ, ರುಜು ಹಾಕಿದ, ಓಡಿ ಕವರನ್ನು ಡ್ರೈವರ್ ಕೈಗಿಟ್ಟ. ಮನೆಗೆ ಬಂದು ತನ್ನ ಕರಾರುಪತ್ರದ ಮೇಲೆ ‘ಸಂಪೂರ್ಣ ಚುಕ್ತಾ’ ಎಂದು ಷರಾ ಬರೆದು, ಎರಡು ಲೋಟ ಕಾಫಿ ಕುಡಿದ.

ಹದಿನೈದು ದಿನಕ್ಕೆ ಹಾಸನದಲ್ಲಿ ಬಹುಮಾನದ ಸಭೆ. ಬಾಗಿಲಲ್ಲೇ ಫಲಿತಾಂಶದ ಪಟ್ಟಿ ಅಂಟಿಸಿದ್ದರು. ಸಂಪತ್ಕುಮಾರ ಕನ್ನಡಕ ಏರಿಸಿ ಮೇಲಿಂದ ಕೆಳಗೆ ನೋಡಿದ. ಐವತ್ತೆಂಟನೇ ಕಥೆಯ ಮುಂದೆ ಗೀಟು.

ಅವನು ಬಳಗದ ಅಂಕಗಳನ್ನು ಕೂಡಿಸಿದ್ದ ಕಾಲೇಜು ಹುಡುಗಿ ಗೌತಮಿಯನ್ನು ಹುಡುಕಿಕೊಂಡು ಹೋಗಿ, ‘ಏನಮ್ಮಾ ಇದು? ನಾನು ಕಳಿಸಿದ್ದು ತಲುಪಲಿಲ್ಲವಾ?’ ಎಂದು ಕೇಳಿದ.

‘ತಲುಪಿತಲ್ಲ ಸರ್. ಐವತ್ತೆಂಟೂ ಇವೆ. ಆದರೆ ಎಲ್ಲಾ ನೀವೇ ರದ್ದು ಮಾಡಿ ಕಳಿಸಿದ್ದೀರಲ್ಲ?’ ಅವಳು ಹಾಳೆಗಳ ಕಟ್ಟನ್ನು ತಂದು, ಪ್ರತಿ ಹಾಳೆಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದ ಸಾಲನ್ನು ತೋರಿಸಿದಳು. ‘ಅಭಿಪ್ರಾಯವನ್ನು ರದ್ದು ಮಾಡುವುದಾದರೆ ಅಡ್ಡಗೆರೆ ಎಳೆದು ರುಜು ಮಾಡುವುದು.’

ಕೆಳಗಿನ ಸಣ್ಣ ಅಕ್ಷರ ಓದದೆ ರುಜು ಹಾಕಬೇಡಿ ಎಂದು ಮೂವತ್ತು ವರ್ಷ ಊರಿಗೆಲ್ಲ ಬೈದವನು ಇವನೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನುವುದು ಸುಮ್ಮನೆಯಲ್ಲ. ಷಡಕ್ಷರಿ ಬಂದು ವಿಷಯ ಕೇಳಿ, ನಗಲೂ ಆಗದೆ ಬಿಡಲೂ ಆಗದೆ, ‘ದೀಪಕ್ಕೆ ಹೆಸರು ಕೆತ್ತಿಸಿ ಆಯ್ತಲ್ಲಾ ಸಾರ್, ಈಗೇನು ಮಾಡೋದು?’ ಎಂದು ಕೈ ಚೆಲ್ಲಿದ. ಉಳಿದ ಐವತ್ತೇಳಕ್ಕೆ ಬೇರೆಯವರು ಬರೆದ ನಾಲ್ಕಾರು ಅಭಿಪ್ರಾಯಗಳಾದರೂ ಇದ್ದವು. ಸುಬ್ಬಮ್ಮನ ಕಥೆಗೆ ಇದ್ದದ್ದು ಇವನದೊಂದೇ.

ಅಂಕ ಹೋದರೆ ಹೋಗಲಿ, ಹಾಳೆಯನ್ನಾದರೂ ಮುಟ್ಟಿಸಬೇಕೆಂದು ಅವನು ಸಭೆಯಲ್ಲಿ ಅವಳನ್ನು ವಿಚಾರಿಸಿದ. ಹಿಂದಿನ ಸಾಲಿನಲ್ಲಿ ನಲವತ್ತೈದರ ಒಬ್ಬಳು ಹೆಂಗಸು ಹೊಸ ಸೀರೆಯಲ್ಲಿ ಬಿಗಿದುಕೊಂಡು ಕೂತಿದ್ದಳು. ಪಟ್ಟಿ ನೋಡಿಯೇ ಒಳಗೆ ಬಂದಿದ್ದಳೆಂದು ಮುಖ ಹೇಳುತ್ತಿತ್ತು. ಸಂಪತ್ಕುಮಾರ ಕೈ ಮುಗಿದು, ಆದ ತಪ್ಪನ್ನು ತೊದಲುತ್ತಾ ಹೇಳಿ, ಹಾಳೆ ಕೊಟ್ಟ. ಅವಳು ತುಟಿ ಅಲ್ಲಾಡಿಸುತ್ತಾ ನಿಧಾನವಾಗಿ ಓದಿದಳು.

‘ದಂಡಿಗನಹಳ್ಳಿ ವಾಸಿ ಕೃಷ್ಣಪ್ಪನವರ ಪತ್ನಿ ಸುಬ್ಬಮ್ಮನವರು ಬರೆದ ಸದರಿ ಕಥೆಯು ಅವರ ಸ್ವಯಾರ್ಜಿತವಾಗಿರುತ್ತದೆ. ಇದರಲ್ಲಿ ಬೇರೆ ಯಾರಿಗೂ ಯಾವ ಹಕ್ಕೂ ಭಾಗವೂ ಇರುವುದಿಲ್ಲ. ದಣಿದ ಹೆಂಗಸನ್ನು ಮಲಗಿಸಿ ಎಬ್ಬಿಸದೆ ಇರುವ ಕಥೆಯನ್ನು ನಾನು ಈವರೆಗೆ ಓದಿರುವುದಿಲ್ಲ. ಓದಿ ನನಗೆ ಸಂತೋಷವಾಗಿರುತ್ತದೆ.’

ಅವಳು ಇನ್ನೊಂದು ಸಲ ಓದಿದಳು. ಆಮೇಲೆ ಗೆರೆಯ ಮೇಲೆ ಬೆರಳಿಟ್ಟು, ‘ಇದ್ಯಾಕ್ ಸಾ ಇಂಗ್ ಗೀಚಿದ್ದೀರಿ?’ ಎಂದು ಕೇಳಿದಳು.

‘ಮುಂದೆ ಯಾರೂ ಇದರಲ್ಲಿ ಇನ್ನೊಂದು ಹೆಸರು ಸೇರಿಸಬಾರದು ಅಂತಮ್ಮ. ನಾನು ಬರೆಯೋ ಪತ್ರಕ್ಕೆಲ್ಲ ಹಾಗೇ ಎಳೀತೀನಿ.’

‘ನಮ್ಮನೇಲಿ ಆರು ಪತ್ರ ಅವೆ ಸಾ. ತ್ವಾಟದ್ದು, ಗದ್ದೇದು, ಮನೇದು. ಎಲ್ಲಾನೂ ಓದಿ ನೋಡಿದ್ದೀನಿ. ಮಾವುಂದು ಐತೆ, ನಮ್ಮೋರ್ದು ಐತೆ, ಮೈದುನುಂದೂ ಐತೆ. ನನ್ನೆಸ್ರು ಒಂದ್ರಲ್ಲೂ ಇಲ್ಲ.’

ಅಂಥ ಪತ್ರಗಳನ್ನು ಸಾವಿರಗಟ್ಟಲೆ ಬರೆದ ಕೈ ಸಂಪತ್ಕುಮಾರನದೇ. ನಾಚಿಕೆಯಾಗಿ ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಅಷ್ಟರಲ್ಲಿ ಹೊರಗಿದ್ದ ಕೃಷ್ಣಪ್ಪ ಬಾಗಿಲ ಹತ್ತಿರ ಬಂದು ಕೂಗಿದ. ‘ಬಾರಮ್ಮಿ, ಬಸ್ಸು ಒಂಟೋಯ್ತದೆ. ಬವ್ಮಾನ ಬರ್ಲಿಲ್ಲ ತಾನೆ? ಅದೇನ್ ಕೈಯಾಗೆ, ಕಾಗ್ದ?’

ಸುಬ್ಬಮ್ಮ ಹಾಳೆಯನ್ನು ಎರಡು ಮಡಿಕೆ ಮಾಡಿ ರವಿಕೆಯೊಳಗೆ ಸೇರಿಸಿಕೊಂಡು ಎದ್ದಳು.

‘ಪತ್ರ,’ ಅಂದಳು. ‘ನಂದು.’